ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್: ಕೆಲಸ, ದೋಷ ಮತ್ತು ಜೋಡಣೆ

ಕಾರಿನ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ, ಆ ಕ್ಷಣದಲ್ಲಿ ಅದರ ಪಿಸ್ಟನ್‌ಗಳು ಎಲ್ಲಿವೆ ಎಂಬ ಎರಡು ಸಂಗತಿಗಳನ್ನು ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುವ ಸಾಧನವೇ ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್. ಗ್ಯಾರೇಜುಗಳಲ್ಲಿ ಇದನ್ನು ಕ್ರ್ಯಾಂಕ್ ಸೆನ್ಸರ್ ಎಂದೋ ಆರ್‌ಪಿಎಂ ಸೆನ್ಸರ್ ಎಂದೋ ಕರೆಯುತ್ತಾರೆ. ಹೆಬ್ಬೆರಳಿನ ಗಾತ್ರದ, ಪ್ಲಾಸ್ಟಿಕ್ ಮೈಯ ಈ ಬಿಡಿಭಾಗವನ್ನು ಎಂಜಿನ್‌ಗೆ ಹಿಡಿದಿಡುವುದು ಸಾಮಾನ್ಯವಾಗಿ ಒಂದೇ ಒಂದು ಬೋಲ್ಟು. ಹಾಗಿದ್ದರೂ ಇದರ ಸಂಕೇತ ನಿಂತುಹೋದರೆ ಹೆಚ್ಚಿನ ಕಾರುಗಳಲ್ಲಿ ಸ್ಪಾರ್ಕ್ ಬರುವುದಿಲ್ಲ, ಇಂಜೆಕ್ಟರುಗಳು ಇಂಧನ ಚಿಮ್ಮುವುದಿಲ್ಲ. ಬ್ಯಾಟರಿ, ಪೆಟ್ರೋಲು, ಗಾಳಿ ಎಲ್ಲವೂ ಸರಿಯಿದ್ದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚಿ ಹಾಕುವ ಕೆಲಸ ಚಿಕ್ಕದು. ಆದರೆ ಸೆನ್ಸರಿನ ತುದಿಗೂ ತಿರುಗುವ ಹಲ್ಲಿನ ಚಕ್ರಕ್ಕೂ ನಡುವೆ ಉಳಿಯುವ ಸುಮಾರು ಒಂದು ಮಿಲಿಮೀಟರ್ ಅಂತರ, ಸೆನ್ಸರ್ ಕೂರುವ ಜಾಗದ ಶುಚಿ ಮತ್ತು ವೈರಿನ ಸ್ಥಿತಿ ಈ ಮೂರರ ಮೇಲೆಯೇ ಎಂಜಿನ್ನಿನ ಟೈಮಿಂಗ್ ಎಲ್ಲ ನಿಂತಿದೆ.

ಇಂದಿನ ಕಾರುಗಳ ಎಂಜಿನ್‌ಗಳು ಬಹುಪಾಲು ನಾಲ್ಕು ಸ್ಟ್ರೋಕಿನವು. ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಹಂತ ಮುಗಿಯಲು, ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗಬೇಕು. ಪಿಸ್ಟನ್ ಏರಬಹುದಾದ ಅತಿ ಎತ್ತರದ ಬಿಂದುವಿಗೆ ಮೆಕ್ಯಾನಿಕ್‌ಗಳ ಮಾತಿನಲ್ಲಿ ಟಿಡಿಸಿ ಎಂದು ಹೆಸರು. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಹಾರಬೇಕಾದದ್ದು ಪಿಸ್ಟನ್ ಟಿಡಿಸಿ ಮುಟ್ಟಿದ ಮೇಲಲ್ಲ, ಅದಕ್ಕೆ ಸ್ವಲ್ಪ ಮುಂಚೆ. ಉರಿ ಹರಡಲು ಸಮಯ ಬೇಕು. ಎಷ್ಟು ಡಿಗ್ರಿ ಮುಂಚೆ ಎಂಬುದು ವೇಗ, ಹೊರೆ, ತಾಪಗಳಿಗೆ ತಕ್ಕಂತೆ ಪ್ರತಿ ಕ್ಷಣ ಬದಲಾಗುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದ್ದರೆ ಒಂದು ಸುತ್ತಿಗೆ ಹಿಡಿಯುವುದು ಬರೀ 10 ಮಿಲಿಸೆಕೆಂಡು, ಒಂದು ಡಿಗ್ರಿಗೆ ಸುಮಾರು 28 ಮೈಕ್ರೋಸೆಕೆಂಡು. ಇಷ್ಟು ಸಣ್ಣ ಅವಧಿಯಲ್ಲಿ ಲೆಕ್ಕ ತಪ್ಪದಂತೆ ಕಿಡಿ ಹಾರಿಸಬೇಕಾದರೆ ಕ್ರ್ಯಾಂಕ್‌ಶಾಫ್ಟಿನ ಸ್ಥಾನ ಕಂಪ್ಯೂಟರಿಗೆ ಎಡೆಬಿಡದೆ ಗೊತ್ತಾಗುತ್ತಿರಬೇಕು. ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಇಲ್ಲ. ಅಲ್ಲಿ ಕಾಮನ್ ರೈಲ್ ಎಂಬ ಒತ್ತಡದ ಕೊಳವೆಯಿಂದ ಇಂಧನ ಚಿಮ್ಮುವ ಗಳಿಗೆಯನ್ನು ಇದೇ ಸಂಕೇತ ನಿರ್ಧರಿಸುತ್ತದೆ.

ಈ ಕೆಲಸವನ್ನು ಮೊದಲು ಮಾಡುತ್ತಿದ್ದುದು ಯಂತ್ರಭಾಗಗಳೇ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಅಲ್ಲಿಂದ ಮುಂದೆ ಹಲವು ದಶಕ ಡಿಸ್ಟ್ರಿಬ್ಯೂಟರ್ ಮತ್ತು ಅದರೊಳಗಿನ ಕಾಂಟ್ಯಾಕ್ಟ್ ಪಾಯಿಂಟುಗಳೇ ಕಿಡಿಯ ಗಳಿಗೆಯನ್ನು ತೀರ್ಮಾನಿಸಿದವು. ಭಾರತದ ರಸ್ತೆಗಳಲ್ಲಿ ಓಡಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳದ್ದೂ ಇದೇ ವ್ಯವಸ್ಥೆ. ಪಾಯಿಂಟು ಸವೆದಂತೆ ಟೈಮಿಂಗ್ ಜಾರುತ್ತಿತ್ತು. ಅದನ್ನು ಉಜ್ಜಿ, ಫೀಲರ್ ಗೇಜಿನಿಂದ ಅಂತರ ಹೊಂದಿಸಿ, ಡಿಸ್ಟ್ರಿಬ್ಯೂಟರನ್ನು ಕೈಯಿಂದ ತುಸು ತಿರುಗಿಸಿ ಟ್ಯೂನ್ ಮಾಡುವುದು ಮೆಕ್ಯಾನಿಕ್‌ನ ಕಸುಬಿನ ದೊಡ್ಡ ಭಾಗವಾಗಿತ್ತು. 1979ರಲ್ಲಿ ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದಾಗ ಇಗ್ನಿಷನ್ ಮತ್ತು ಇಂಧನ ಎರಡನ್ನೂ ಒಂದೇ ಡಿಜಿಟಲ್ ಪೆಟ್ಟಿಗೆ ನೋಡಿಕೊಳ್ಳತೊಡಗಿತು. ಆ ಮೊದಲ ವ್ಯವಸ್ಥೆಯಲ್ಲಿ ಎಂಜಿನ್‌ಗೆ ಎರಡು ಸೆನ್ಸರುಗಳಿದ್ದವು: ಒಂದು ಫ್ಲೈವೀಲಿನ ಹಲ್ಲುಗಳನ್ನು ಎಣಿಸಿ ವೇಗ ಹೇಳುತ್ತಿತ್ತು, ಇನ್ನೊಂದು ಸುತ್ತಿಗೊಮ್ಮೆ ಗುರುತಿನ ಬಿಂದುವನ್ನು ಸೂಚಿಸುತ್ತಿತ್ತು. ಎರಡೂ ಕೆಲಸವನ್ನು ಒಂದೇ ಸೆನ್ಸರಿಗೆ ವಹಿಸುವ ಉಪಾಯ ಆಮೇಲೆ ನೆಲೆಗೊಂಡಿತು. ಭಾರತದಲ್ಲಿ ಕಾರ್ಬ್ಯುರೇಟರ್ ಹಿಂದೆ ಸರಿದು, ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಇರುವ ಎಂಪಿಎಫ್‌ಐ ಎಂಜಿನ್‌ಗಳು ಹರಡಿದ್ದು 2000ದ ಆಸುಪಾಸಿನಲ್ಲಿ, ಹೊಗೆ ನಿಯಮಗಳು ಬಿಗಿಯಾದಾಗ. ಕ್ರ್ಯಾಂಕ್ ಸೆನ್ಸರ್ ಎಂಬ ಹೆಸರು ಊರೂರಿನ ಗ್ಯಾರೇಜುಗಳಿಗೆ ಬಂದದ್ದೂ ಆಗಲೇ.

ಹಲ್ಲಿನ ಚಕ್ರ ಮತ್ತು ಸೆನ್ಸರಿನ ಬಗೆಗಳು

ಸೆನ್ಸರ್ ಒಂಟಿಯಾಗಿ ಏನನ್ನೂ ಹೇಳಲಾರದು. ಅದರ ಎದುರಿಗೆ ಕ್ರ್ಯಾಂಕ್‌ಶಾಫ್ಟಿನ ಜೊತೆಗೇ ತಿರುಗುವ ಹಲ್ಲಿನ ಚಕ್ರವೊಂದು ಇರಬೇಕು. ಬಹಳ ಬಳಕೆಯಲ್ಲಿರುವ ಚಕ್ರದಲ್ಲಿ 60 ಹಲ್ಲುಗಳಿಗೆ ಜಾಗವಿದ್ದು ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ, ಉಳಿಯುವುದು 58. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ 6 ಡಿಗ್ರಿ. ಕಂಪ್ಯೂಟರ್ ಹಲ್ಲುಗಳ ನಡುವಿನ ಸಮಯವನ್ನು ಅಳೆಯುತ್ತಲೇ ಇರುತ್ತದೆ. ಇದ್ದಕ್ಕಿದ್ದಂತೆ ಒಂದು ಅವಧಿ ಸುಮಾರು ಮೂರು ಪಟ್ಟು ಉದ್ದವಾಗಿ ಕಂಡರೆ ಅದು ಹಲ್ಲಿಲ್ಲದ ಜಾಗ, ಎಣಿಕೆ ಮತ್ತೆ ಆರಂಭವಾಗಬೇಕಾದ ಗುರುತು. ಫೋರ್ಡ್ ಕಂಪನಿ ಹೆಚ್ಚಾಗಿ ಬಳಸಿದ್ದು 36 ಹಲ್ಲಿನ ಜಾಗದಲ್ಲಿ ಒಂದನ್ನು ಬಿಟ್ಟ ಚಕ್ರ; ಅದರಲ್ಲಿ ಹಲ್ಲಿನಿಂದ ಹಲ್ಲಿಗೆ 10 ಡಿಗ್ರಿ. ಎರಡು ಹಲ್ಲುಗಳ ನಡುವಿನ ಕೋನವನ್ನು ಕಂಪ್ಯೂಟರ್ ಹಿಂದಿನ ಹಲ್ಲುಗಳ ವೇಗ ನೋಡಿ ಲೆಕ್ಕದಿಂದ ತುಂಬಿಕೊಳ್ಳುತ್ತದೆ.

ಒಂದು ಕೊರತೆ ಇಲ್ಲಿ ಉಳಿಯುತ್ತದೆ. ಆವರ್ತ ಎರಡು ಸುತ್ತಿನದು, ಚಕ್ರ ಹೇಳುವುದು ಒಂದು ಸುತ್ತಿನ ಲೆಕ್ಕ. ಮೊದಲನೆಯ ಸಿಲಿಂಡರಿನ ಪಿಸ್ಟನ್ ಮೇಲೆ ಬಂದಿದೆ ಎಂಬುದಷ್ಟೇ ಕ್ರ್ಯಾಂಕ್ ಸೆನ್ಸರಿಗೆ ತಿಳಿಯುತ್ತದೆ. ಅದು ಮಿಶ್ರಣವನ್ನು ಒತ್ತುತ್ತಾ ಬಂದದ್ದೋ ಹೊಗೆ ತಳ್ಳುತ್ತಾ ಬಂದದ್ದೋ ಎಂಬುದು ತಿಳಿಯದು. ಎರಡು ಸುತ್ತಿಗೆ ಒಮ್ಮೆ ತಿರುಗುವ ಕ್ಯಾಮ್‌ಶಾಫ್ಟಿನ ಮೇಲಿರುವ ಕ್ಯಾಮ್ ಸೆನ್ಸರ್ ಈ ಸಂದೇಹವನ್ನು ಬಗೆಹರಿಸುತ್ತದೆ. ಕ್ಯಾಮ್ ಸೆನ್ಸರ್ ಕೆಟ್ಟರೂ ಅನೇಕ ಕಾರುಗಳು ಕುಂಟುತ್ತಾ ಓಡುತ್ತವೆ. ಕ್ರ್ಯಾಂಕ್ ಸೆನ್ಸರ್ ಕೆಟ್ಟಾಗ ಕ್ಯಾಮಿನ ಸಂಕೇತವನ್ನೇ ನಂಬಿ ಓಡುವ ಎಂಜಿನ್‌ಗಳು ಕಡಿಮೆ.

ಹಳೆಯ, ಸರಳ ಬಗೆಯದು ಇಂಡಕ್ಟಿವ್ ಸೆನ್ಸರ್. ಅದರೊಳಗೆ ಒಂದು ಶಾಶ್ವತ ಆಯಸ್ಕಾಂತ, ಕಬ್ಬಿಣದ ತಿರುಳು, ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ ಇರುತ್ತವೆ. ಉಕ್ಕಿನ ಹಲ್ಲು ಹತ್ತಿರ ಬಂದಾಗ ಕಾಂತೀಯ ಹರಿವು ಏರುತ್ತದೆ, ದೂರ ಸರಿದಾಗ ಇಳಿಯುತ್ತದೆ. ಈ ಏರಿಳಿತವೇ ಸುರುಳಿಯಲ್ಲಿ ವಿದ್ಯುತ್ ಹುಟ್ಟಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ತ್ವ ಇದು. ಹೊರಗಿನಿಂದ ವಿದ್ಯುತ್ ಕೊಡಬೇಕಾಗಿಲ್ಲ, ಎರಡು ವೈರು ಸಾಕು. ಕೆಲವದರಲ್ಲಿ ಹೊರಗಿನ ಗದ್ದಲ ತಡೆಯುವ ಹೊದಿಕೆ ವೈರು ಮೂರನೆಯದಾಗಿ ಇರುತ್ತದೆ. ಆಸಿಲೋಸ್ಕೋಪಿನ ಪರದೆಯಲ್ಲಿ ಈ ಸಂಕೇತ ಒಂದೇ ಸಮನೆ ಏರಿಳಿಯುವ ಅಲೆಗಳ ಸಾಲಾಗಿ ಕಾಣುತ್ತದೆ. ಹಲ್ಲಿನ ನಡುಭಾಗ ಸೆನ್ಸರಿಗೆ ನೇರ ಬಂದಾಗ ವೋಲ್ಟೇಜು ಸೊನ್ನೆ ದಾಟುತ್ತದೆ, ಕಂಪ್ಯೂಟರ್ ಗುರುತಿಸುವುದು ಈ ದಾಟುವಿಕೆಯನ್ನೇ. ಹಲ್ಲಿಲ್ಲದ ಜಾಗ ಬಂದಾಗ ಅಲೆಗಳ ಸಾಲು ಕಡಿದು, ಅದರ ಅಂಚಿನ ಅಲೆ ಉಳಿದವುಗಳಿಗಿಂತ ಎತ್ತರವಾಗಿ ನಿಲ್ಲುತ್ತದೆ. ವೇಗ ಹೆಚ್ಚಿದಂತೆ ವೋಲ್ಟೇಜು ಹತ್ತಾರು ವೋಲ್ಟಿಗೂ ಏರಬಹುದು. ಸೆಲ್ಫ್ ಹೊಡೆಯುವಾಗ ಮಾತ್ರ ಅದು ಬಹಳ ಕಡಿಮೆ. ಬ್ಯಾಟರಿ ಇಳಿದು ಎಂಜಿನ್ ತೂಕಡಿಸುತ್ತಾ ತಿರುಗಿದರೆ, ಅಥವಾ ಅಂತರ ತುಸು ಹೆಚ್ಚಾಗಿದ್ದರೆ, ಮೊದಲು ಸೋಲುವುದು ಈ ದುರ್ಬಲ ಸಂಕೇತವೇ.

ಎರಡನೆಯ ಬಗೆ ಹಾಲ್ ಸೆನ್ಸರ್. ಎಡ್ವಿನ್ ಹಾಲ್ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದ ಪರಿಣಾಮದ ಮೇಲೆ ಇದು ನಿಂತಿದೆ: ವಿದ್ಯುತ್ ಹರಿಯುತ್ತಿರುವ ಪಟ್ಟಿಗೆ ಅಡ್ಡಲಾಗಿ ಕಾಂತಕ್ಷೇತ್ರ ಹಾಯ್ದರೆ ಪಟ್ಟಿಯ ಎರಡು ಅಂಚುಗಳ ನಡುವೆ ಪುಟ್ಟ ವೋಲ್ಟೇಜು ಹುಟ್ಟುತ್ತದೆ. ಸೆನ್ಸರಿನೊಳಗಿನ ಚಿಪ್ ಅದನ್ನು ಹಿಗ್ಗಿಸಿ, ಇದೆ ಅಥವಾ ಇಲ್ಲ ಎಂಬಂತೆ ಚೌಕಾಕಾರದ ಸಂಕೇತವಾಗಿ ಕಳಿಸುತ್ತದೆ. ಮೂರು ವೈರು: ಒಂದು ಸಪ್ಲೈ, ಒಂದು ಅರ್ಥ್, ಒಂದು ಸಿಗ್ನಲ್. ಎಂಜಿನ್ ಎಷ್ಟೇ ನಿಧಾನವಾಗಿ ತಿರುಗಿದರೂ ಸಂಕೇತದ ಎತ್ತರ ಕುಗ್ಗುವುದಿಲ್ಲ. ಹಲ್ಲುಗಳ ಬದಲು ಉತ್ತರ ದಕ್ಷಿಣ ಧ್ರುವಗಳನ್ನು ಸರದಿಯಂತೆ ಮೂಡಿಸಿದ ಕಾಂತೀಯ ಉಂಗುರವನ್ನೂ ಕೆಲವು ಎಂಜಿನ್‌ಗಳಲ್ಲಿ ಬಳಸುತ್ತಾರೆ. ಅಂಥ ಉಂಗುರದ ಹತ್ತಿರ ಆಯಸ್ಕಾಂತದ ತುದಿಯ ಉಪಕರಣ ಒಯ್ಯಬಾರದು. ಟ್ರಾಫಿಕ್ ಸಿಗ್ನಲಿನಲ್ಲಿ ಎಂಜಿನ್ ತಾನೇ ಆರಿ ಹೊರಡುವ ಸ್ಟಾರ್ಟ್–ಸ್ಟಾಪ್ ಕಾರುಗಳಿಗೆ ಕ್ರ್ಯಾಂಕ್‌ಶಾಫ್ಟ್ ನಿಲ್ಲುವ ಕ್ಷಣದಲ್ಲಿ ತುಸು ಹಿಂದಕ್ಕೆ ತಿರುಗಿದ್ದನ್ನೂ ಗುರುತಿಸುವ ಸೆನ್ಸರ್ ಬೇಕಾಗುತ್ತದೆ.

ಇಂಡಕ್ಟಿವ್ ಜಾಗಕ್ಕೆ ಹಾಲ್, ಹಾಲ್ ಜಾಗಕ್ಕೆ ಇಂಡಕ್ಟಿವ್ ಹಾಕಲು ಬರುವುದಿಲ್ಲ. ನೋಡಲು ಎರಡೂ ಒಂದೇ ಥರ ಇದ್ದು, ಬೋಲ್ಟಿನ ತೂತೂ ಹೊಂದಿದರೂ ಕಂಪ್ಯೂಟರ್ ನಿರೀಕ್ಷಿಸುವ ಸಂಕೇತವೇ ಬೇರೆ.

ದೋಷದ ಲಕ್ಷಣ ಮತ್ತು ಪರೀಕ್ಷೆ

ಕ್ರ್ಯಾಂಕ್ ಸೆನ್ಸರ್ ಕೆಡುವ ರೀತಿಗೆ ಒಂದು ಪರಿಚಿತ ಮುಖವಿದೆ. ಬೆಳಿಗ್ಗೆ ಗಾಡಿ ಸರಿಯಾಗಿ ಹೊರಡುತ್ತದೆ. ಒಂದಷ್ಟು ದೂರ ಓಡಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಚ್ಚರಿಕೆಯಿಲ್ಲದೆ ಆರುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಬಾನೆಟ್ ತೆಗೆದು ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಸುರುಳಿಯ ತಂತಿ ಒಳಗೆಲ್ಲೋ ತುಂಡಾಗಿ, ತಣ್ಣಗಿದ್ದಾಗ ಕೂಡಿಕೊಂಡು ಬಿಸಿಗೆ ಹಿಗ್ಗಿದಾಗ ಬೇರ್ಪಡುವುದು ಇದಕ್ಕೆ ಸಾಮಾನ್ಯ ಕಾರಣ. ಓಡುವಾಗಲೇ ಒಮ್ಮೆಲೇ ಜರ್ಕ್ ಹೊಡೆಯುವುದು, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಕದಲದಿರುವುದು, ಚೆಕ್ ಎಂಜಿನ್ ದೀಪ ಹತ್ತುವುದು ಇತರ ಲಕ್ಷಣಗಳು. ಹೆದ್ದಾರಿಯಲ್ಲಿ, ಘಾಟಿ ರಸ್ತೆಯಲ್ಲಿ ಎಂಜಿನ್ ಹೀಗೆ ಆರಿದರೆ ಪವರ್ ಸ್ಟೀರಿಂಗಿನ ನೆರವು ತಪ್ಪುತ್ತದೆ, ಬ್ರೇಕಿನ ಬೂಸ್ಟರಿನಲ್ಲಿ ಉಳಿದ ನಿರ್ವಾತ ಕೆಲವೇ ಬಾರಿ ಒತ್ತುವಷ್ಟು ಮಾತ್ರ ಇರುತ್ತದೆ. ಹಾಗಾಗಿ ‘ಸ್ವಲ್ಪ ಹೊತ್ತು ಬಿಟ್ಟರೆ ಸರಿಹೋಗುತ್ತದೆ’ ಎಂದು ಈ ದೋಷವನ್ನು ಮುಂದಕ್ಕೆ ಹಾಕುವುದು ಅಪಾಯ.

ಕಾರು ತನ್ನ ದೋಷವನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆಗೆ ಓಬಿಡಿ ಎಂದು ಹೆಸರು. ಭಾರತದಲ್ಲಿ 2010ರಿಂದ ಓಬಿಡಿಯ ಮೊದಲ ಹಂತ, 2013ರಿಂದ ಎರಡನೆಯ ಹಂತ ಕಾರುಗಳಿಗೆ ಕಡ್ಡಾಯವಾದವು. ಸ್ಟೀರಿಂಗಿನ ಕೆಳಗೆ ಇರುವ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರೆ ದೋಷದ ಕೋಡ್ ಕಾಣುತ್ತದೆ. ಪಿ 0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟಿನ ದೋಷ. ಪಿ 0336 ಸಂಕೇತ ಬರುತ್ತಿದ್ದರೂ ಹಲ್ಲಿನ ಲೆಕ್ಕಕ್ಕೆ ಹೊಂದುತ್ತಿಲ್ಲ ಎಂಬುದು. ಪಿ 0339 ಬಿಟ್ಟು ಬಿಟ್ಟು ಬರುವ ದೋಷ. ಪಿ 0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸಂಕೇತಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಅಲ್ಲಿ ಸೆನ್ಸರಿಗಿಂತ ಮೊದಲು ಅನುಮಾನಿಸಬೇಕಾದದ್ದು ಹಿಗ್ಗಿದ ಟೈಮಿಂಗ್ ಚೈನನ್ನು ಅಥವಾ ಹಲ್ಲು ಹಾರಿದ ಬೆಲ್ಟನ್ನು. ಕೋಡ್ ಹೇಳುವುದು ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎಂದು. ಸೆನ್ಸರನ್ನೇ ಬದಲಿಸು ಎಂದು ಅದು ಹೇಳುವುದಿಲ್ಲ. ಸರ್ಕ್ಯೂಟಿನಲ್ಲಿ ಸೆನ್ಸರ್, ಅದಕ್ಕೆ ವೈರು ಜೋಡಿಸುವ ಕಪ್ಲರ್, ವೈರು, ಅರ್ಥ್, ಹಲ್ಲಿನ ಚಕ್ರ, ಕಂಪ್ಯೂಟರ್ ಎಲ್ಲವೂ ಸೇರುತ್ತವೆ. ಕೋಡ್ ಕಂಡ ಕೂಡಲೇ ಸೆನ್ಸರ್ ಕೊಂಡು ಹಾಕುವುದು ಈ ಕೆಲಸದಲ್ಲಿ ಹಣ ಪೋಲಾಗುವ ದೊಡ್ಡ ದಾರಿ.

ಪರೀಕ್ಷೆ ಕಣ್ಣಿನಿಂದಲೇ ಶುರುವಾಗಬೇಕು. ನಿಂತ ಗಾಡಿಯ ವೈರುಗಳನ್ನು ಇಲಿ ಕಡಿದಿರುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಕಪ್ಲರ್ ಬಿಚ್ಚಿದರೆ ಒಳಗಿನ ಪಿನ್ನುಗಳಲ್ಲಿ ಹಸಿರು ಕಿಲುಬು, ಎಂಜಿನ್ ಆಯಿಲ್, ಮಳೆನೀರಿನ ತೇವ ಕಾಣಬಹುದು. ಸೈಲೆನ್ಸರ್ ಕೊಳವೆಗೆ ತಗುಲಿ ವೈರಿನ ಹೊದಿಕೆ ಕರಗಿರಬಹುದು. ಇಂಡಕ್ಟಿವ್ ಸೆನ್ಸರಾದರೆ ಮಲ್ಟಿಮೀಟರಿನಲ್ಲಿ ಸುರುಳಿಯ ರೋಧ ಅಳೆಯಬಹುದು. ಹಲವು ಸೆನ್ಸರುಗಳಲ್ಲಿ ಅದು ಕೆಲವು ನೂರು ಓಮ್‌ನಿಂದ ಒಂದೂವರೆ ಸಾವಿರ ಓಮ್‌ನೊಳಗೆ ಇರುತ್ತದೆ, ಸರಿಯಾದ ಸಂಖ್ಯೆ ಆಯಾ ಕಾರಿನ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತದೆ. ತಣ್ಣಗಿದ್ದಾಗ ಒಮ್ಮೆ, ಗಾಡಿ ಆರಿ ನಿಂತ ಬಿಸಿಯಲ್ಲೇ ಇನ್ನೊಮ್ಮೆ ಅಳೆಯದಿದ್ದರೆ ಮೇಲೆ ಹೇಳಿದ ಬಿಸಿಯ ದೋಷ ಸಿಕ್ಕಿಬೀಳುವುದಿಲ್ಲ. ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು ಸೆಲ್ಫ್ ಹೊಡೆದಾಗ ಸಣ್ಣ ವೋಲ್ಟೇಜು ಕಾಣಬೇಕು. ಹಾಲ್ ಸೆನ್ಸರಿಗೆ ರೋಧದ ಅಳತೆ ಸಲ್ಲದು, ಒಳಗಿರುವುದು ಚಿಪ್. ಅಲ್ಲಿ ಇಗ್ನಿಷನ್ ಆನ್ ಮಾಡಿ ಕಪ್ಲರಿನಲ್ಲಿ ಸಪ್ಲೈ ಬರುತ್ತಿದೆಯೇ (ಕಾರಿಗೆ ತಕ್ಕಂತೆ 5 ಅಥವಾ 12 ವೋಲ್ಟು), ಅರ್ಥ್ ಗಟ್ಟಿಯಾಗಿದೆಯೇ ಎಂದು ನೋಡಬೇಕು. ಇವೆಲ್ಲಕ್ಕಿಂತ ಸುಲಭದ ಪರೀಕ್ಷೆ ಸ್ಕ್ಯಾನರಿನ ಲೈವ್ ಡೇಟಾ: ಸೆಲ್ಫ್ ಹೊಡೆಯುವಾಗ ಪರದೆಯಲ್ಲಿ 150ರಿಂದ 300ರ ಆಸುಪಾಸಿನ ಆರ್‌ಪಿಎಂ ಬಂದರೆ ಸಂಕೇತ ಕಂಪ್ಯೂಟರಿನವರೆಗೆ ತಲುಪುತ್ತಿದೆ ಎಂದರ್ಥ.

ಬದಲಾವಣೆ

ಸೆನ್ಸರ್ ಎಲ್ಲಿದೆ ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಕೆಲವದರಲ್ಲಿ ಮುಂಭಾಗದ ಕ್ರ್ಯಾಂಕ್ ಪುಲ್ಲಿಯ ಬಳಿ, ಕೆಲವದರಲ್ಲಿ ಬ್ಲಾಕಿನ ಮಗ್ಗುಲಲ್ಲಿ, ಬಹಳಷ್ಟರಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಬೆಲ್ ಹೌಸಿಂಗಿನ ಮೇಲೆ ಫ್ಲೈವೀಲಿಗೆ ಎದುರಾಗಿ ಇರುತ್ತದೆ. ಮೇಲಿನಿಂದ ಕೈ ಹೋಗುವ ಕಾರಿನಲ್ಲಿ ಇದು ಅರ್ಧ ಗಂಟೆಯ ಕೆಲಸ. ಸ್ಟಾರ್ಟರ್ ಮೋಟಾರೋ ಗಾಳಿಯ ಕೊಳವೆಯೋ ಅಡ್ಡ ಬಂದರೆ ಅವನ್ನು ಬಿಚ್ಚುವುದಕ್ಕೇ ಹೆಚ್ಚು ಹೊತ್ತು ಬೇಕು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಬೇಕು. ಕೆಳಗಿನಿಂದ ಕೆಲಸ ಮಾಡುವುದಾದರೆ ಗಾಡಿಯ ಭಾರ ಸ್ಟ್ಯಾಂಡುಗಳ ಮೇಲೆ ಕೂರಬೇಕು. ಬರೀ ಜಾಕಿನ ಮೇಲೆ ನಿಂತ, ಅಥವಾ ಇಟ್ಟಿಗೆ ಕಲ್ಲು ಕೊಟ್ಟು ನಿಲ್ಲಿಸಿದ ಕಾರಿನ ಕೆಳಗೆ ಯಾರೂ ತೂರಬಾರದು.

ಕಪ್ಲರಿನ ಬೀಗವನ್ನು ಒತ್ತಿ ಪ್ಲಾಸ್ಟಿಕ್ ಮೈ ಹಿಡಿದು ಎಳೆಯಬೇಕು. ವೈರು ಹಿಡಿದು ಎಳೆದರೆ ಒಳಗಿನ ಪಿನ್ನು ಕಳಚುತ್ತದೆ. ವೈರು ಯಾವ ಕ್ಲಿಪ್ಪುಗಳಲ್ಲಿ ಹಾದು ಹೋಗಿದೆ ಎಂಬುದನ್ನು ಬಿಚ್ಚುವ ಮೊದಲೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ಬೋಲ್ಟು ಹೆಚ್ಚಾಗಿ 10 ನಂಬರ್ ಸ್ಪ್ಯಾನರಿನದು. ಬೋಲ್ಟು ತೆಗೆದರೂ ಸೆನ್ಸರ್ ಸುಲಭವಾಗಿ ಬರುವುದಿಲ್ಲ: ಅಲ್ಯೂಮಿನಿಯಂ ತೂತಿನಲ್ಲಿ ತುಕ್ಕು, ಧೂಳು, ಗಟ್ಟಿಯಾದ ಓ-ರಿಂಗ್ ಸೇರಿ ಅದನ್ನು ಹಿಡಿದುಕೊಂಡಿರುತ್ತವೆ. ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು ಕಾದು, ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಮೇಲೆತ್ತಬೇಕು. ಸ್ಕ್ರೂ ಡ್ರೈವರ್ ಕೊಟ್ಟು ಮೀಟಿದರೆ ಪ್ಲಾಸ್ಟಿಕ್ ಮುರಿದು ತುದಿ ಒಳಗೇ ಉಳಿಯುತ್ತದೆ. ಆ ಚೂರು ಬೆಲ್ ಹೌಸಿಂಗಿಗೆ ಬಿದ್ದರೆ ಚಿಕ್ಕ ಕೆಲಸ ದೊಡ್ಡದಾಗುತ್ತದೆ.

ಹೊರಬಂದ ಸೆನ್ಸರಿನ ತುದಿಯನ್ನು ಗಮನವಿಟ್ಟು ನೋಡಬೇಕು. ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಂಡಿದ್ದರೆ ಅದೇ ಸಂಕೇತವನ್ನು ಕೆಡಿಸಿರಬಹುದು. ಒರೆಸಿ ಹಾಕಿದರೂ ಕೆಲಸ ಮಾಡಬಹುದು, ಆದರೆ ಆ ಪುಡಿ ಕ್ಲಚ್ಚಿನಿಂದಲೋ ಸ್ಟಾರ್ಟರಿನ ಹಲ್ಲಿನಿಂದಲೋ ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು. ತುದಿಯಲ್ಲಿ ಹೊಳೆಯುವ ಗೀರು ಕಂಡರೆ ಹಲ್ಲು ಸೆನ್ಸರಿಗೆ ತಾಗಿದೆ ಎಂದರ್ಥ: ಚಕ್ರ ಬಾಗಿದೆ, ಅಥವಾ ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಸವೆದು ಆಟ ಬಂದಿದೆ. ಅಂಥಲ್ಲಿ ಹೊಸ ಸೆನ್ಸರ್ ಹಾಕಿದರೆ ಅದೂ ಉಳಿಯದು. ತುದಿಯಲ್ಲಿ ಆಯಿಲ್ ತುಂಬಿದ್ದರೆ ಓ-ರಿಂಗ್ ಅಥವಾ ಕ್ರ್ಯಾಂಕಿನ ಹಿಂಬದಿಯ ಸೀಲ್ ಸೋರುತ್ತಿರಬಹುದು. ಬ್ಯಾಟರಿ ಬಿಚ್ಚಿರುವಾಗಲೇ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಗೇರು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ತಿರುಗಿಸುತ್ತಾ ತೂತಿನೊಳಗೆ ಬೆಳಕು ಬಿಟ್ಟು ಹಲ್ಲುಗಳನ್ನು ಒಂದೊಂದಾಗಿ ನೋಡುವುದು ಇಲ್ಲಿ ವ್ಯರ್ಥ ಶ್ರಮವಲ್ಲ. ಮುರಿದ ಅಥವಾ ಬಗ್ಗಿದ ಒಂದು ಹಲ್ಲು ಕಂಪ್ಯೂಟರಿಗೆ ಎರಡನೆಯ ಗುರುತಿನ ಜಾಗವಾಗಿ ತೋರುತ್ತದೆ. ಕೆಲವು ಫೋಕ್ಸ್‌ವ್ಯಾಗನ್ ಎಂಜಿನ್‌ಗಳಲ್ಲಿ ಸಂಕೇತದ ಉಂಗುರ ಹಿಂಬದಿಯ ಸೀಲಿಗೇ ಸೇರಿಕೊಂಡಿರುತ್ತದೆ. ಆ ಸೀಲನ್ನು ಕ್ರ್ಯಾಂಕ್‌ಶಾಫ್ಟಿಗೆ ನಿಗದಿಯಾದ ಕೋನದಲ್ಲಿ ಕೂರಿಸಲು ಪ್ರತ್ಯೇಕ ಉಪಕರಣವೇ ಬೇಕು.

ಹೊಸ ಸೆನ್ಸರನ್ನು ಹಳೆಯದರ ಪಕ್ಕ ಇಟ್ಟು ಪಾರ್ಟ್ ನಂಬರು, ತುದಿಯ ಉದ್ದ, ಬೋಲ್ಟಿನ ಕಿವಿಯ ದಪ್ಪ, ಪಿನ್ನುಗಳ ಸಂಖ್ಯೆ ಹೋಲಿಸಬೇಕು. ಉದ್ದದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಿದ್ದರೂ ಅದು ಆ ಎಂಜಿನ್ನಿನದಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿಗೆ ಹಲವು ಬೆಲೆಯ ಸೆನ್ಸರುಗಳು ಸಿಗುತ್ತವೆ. ಕಾರು ತಯಾರಕರದ್ದು ಅಥವಾ ಅವರಿಗೆ ಸೆನ್ಸರ್ ಪೂರೈಸುವ ಕಂಪನಿಯದ್ದು ಕೊಳ್ಳುವುದೇ ಸರಿ. ಎಂಜಿನ್ನನ್ನು ನಡುದಾರಿಯಲ್ಲಿ ಆರಿಸಬಲ್ಲ ಭಾಗದಲ್ಲಿ ಉಳಿತಾಯ ನೋಡುವುದು ತರವಲ್ಲ. ಕೆಳಗೆ ಬಿದ್ದ ಸೆನ್ಸರನ್ನು ಹಾಕಬಾರದು, ಒಳಗಿನ ಆಯಸ್ಕಾಂತ ಸೀಳಿರಬಹುದು.

ಸೆನ್ಸರ್ ಕೂರುವ ಮುಖವನ್ನು ಬಟ್ಟೆಯಿಂದ ಒರೆಸಿ, ತೂತಿನ ಅಂಚಿನ ತುಕ್ಕನ್ನು ಒಳಗೆ ಬೀಳದಂತೆ ತೆಗೆಯಬೇಕು. ಆ ಮುಖದಲ್ಲಿ ಉಳಿದ ಮಣ್ಣಿನ ಪದರ ಸೆನ್ಸರನ್ನು ಅಷ್ಟರಮಟ್ಟಿಗೆ ಮೇಲೆತ್ತಿ ಅಂತರವನ್ನು ಹೆಚ್ಚಿಸುತ್ತದೆ. ಹೊಸ ಓ-ರಿಂಗಿಗೆ ಎಂಜಿನ್ ಆಯಿಲನ್ನು ತೆಳುವಾಗಿ ಸವರಿ, ಸೆನ್ಸರನ್ನು ನೇರವಾಗಿ ಕೈಯಿಂದಲೇ ಒತ್ತಿ ಕೂರಿಸಬೇಕು. ಸುತ್ತಿಗೆಯಿಂದ ತಟ್ಟಬಾರದು, ಬೋಲ್ಟು ಬಿಗಿಯುತ್ತಾ ಎಳೆದು ಕೂರಿಸಲೂಬಾರದು, ಕಿವಿ ಸೀಳುತ್ತದೆ. ಪೂರ್ತಿ ಕುಳಿತ ಮೇಲೆ ಬೋಲ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ, ಆಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಇಷ್ಟು ಚಿಕ್ಕ ಬೋಲ್ಟಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಸಾಕು.

ಇಂದಿನ ಬಹುತೇಕ ಎಂಜಿನ್‌ಗಳಲ್ಲಿ ಅಂತರ ತಾನಾಗಿ ಒದಗುತ್ತದೆ, ಹೊಂದಿಸುವ ವ್ಯವಸ್ಥೆಯೇ ಇಲ್ಲ. ಅದು ಸುಮಾರು 0.5ರಿಂದ 1.5 ಮಿಲಿಮೀಟರಿನೊಳಗೆ ಇರುತ್ತದೆ. ಬ್ರಾಕೆಟ್ಟಿನ ಮೇಲೆ ಕೂರುವ ಹಳೆಯ ಮಾದರಿಗಳಲ್ಲಿ ಫೀಲರ್ ಗೇಜಿನಿಂದ ಅಳೆದು ಹೊಂದಿಸಬೇಕು. ಆಯಸ್ಕಾಂತದ ತುದಿ ಉಕ್ಕಿನ ಗೇಜನ್ನು ಎಳೆದುಕೊಳ್ಳುವುದರಿಂದ ಹಿತ್ತಾಳೆಯ ಗೇಜು ಮೇಲು. ಕ್ರೈಸ್ಲರ್ ಕಂಪನಿಯ ಕೆಲವು ಎಂಜಿನ್‌ಗಳ ಸೆನ್ಸರಿನ ತುದಿಗೆ ಕಾಗದದ ಬಿಲ್ಲೆಯೊಂದು ಅಂಟಿಕೊಂಡು ಬರುತ್ತದೆ. ಅದನ್ನು ಕೀಳಬಾರದು. ಬಿಲ್ಲೆ ಚಕ್ರಕ್ಕೆ ತಾಗುವಷ್ಟು ಸೆನ್ಸರನ್ನು ಒತ್ತಿ ಬಿಗಿದರೆ ಅದರ ದಪ್ಪವೇ ಸರಿಯಾದ ಅಂತರ. ಎಂಜಿನ್ ತಿರುಗಿದಾಗ ಕಾಗದ ಸವೆದು ಹೋಗುತ್ತದೆ.

ವೈರನ್ನು ಹಳೆಯ ದಾರಿಯಲ್ಲೇ ಒಯ್ದು ಎಲ್ಲ ಕ್ಲಿಪ್ಪುಗಳಿಗೂ ಸಿಕ್ಕಿಸಬೇಕು. ಸೈಲೆನ್ಸರ್, ಬೆಲ್ಟು, ಸ್ಪಾರ್ಕ್ ಪ್ಲಗ್ಗಿನ ವೈರು ಇವುಗಳಿಂದ ದೂರವಿರಬೇಕು. ಕಪ್ಲರ್ ‘ಟಕ್’ ಎಂದು ಕೂತ ಮೇಲೂ ಒಮ್ಮೆ ಮೆಲ್ಲಗೆ ಎಳೆದು ನೋಡಬೇಕು.

ಬ್ಯಾಟರಿ ಜೋಡಿಸಿ, ಹಳೆಯ ಕೋಡ್ ಅಳಿಸಿ, ಸೆಲ್ಫ್ ಹೊಡೆದರೆ ಎಂಜಿನ್ ಹತ್ತಬೇಕು. ಅಷ್ಟಕ್ಕೇ ಕೆಲಸ ಮುಗಿದಂತಲ್ಲ. ಸಿಲಿಂಡರೊಂದರಲ್ಲಿ ಉರಿ ತಪ್ಪಿದರೆ ಕ್ರ್ಯಾಂಕ್‌ಶಾಫ್ಟ್ ಆ ಕ್ಷಣ ತುಸು ನಿಧಾನವಾಗುತ್ತದೆ. ಮಿಸ್‌ಫೈರನ್ನು ಕಂಪ್ಯೂಟರ್ ಪತ್ತೆ ಮಾಡುವುದು ಹಲ್ಲುಗಳ ನಡುವಿನ ಈ ಸೂಕ್ಷ್ಮ ವ್ಯತ್ಯಾಸದಿಂದ. ಚಕ್ರದ ಹಲ್ಲುಗಳ ತಯಾರಿಕೆಯಲ್ಲೂ ಸಣ್ಣ ಏರುಪೇರು ಇರುವುದರಿಂದ ಅದನ್ನು ಕಂಪ್ಯೂಟರ್ ಮೊದಲೇ ಕಲಿತು ನೆನಪಿಟ್ಟುಕೊಂಡಿರುತ್ತದೆ. ಜನರಲ್ ಮೋಟರ್ಸಿನ ಅನೇಕ ಕಾರುಗಳಲ್ಲಿ ಸೆನ್ಸರ್ ಬದಲಿಸಿದ ಮೇಲೆ ಸ್ಕ್ಯಾನರಿನಿಂದ ಈ ಕಲಿಕೆಯನ್ನು ಮತ್ತೆ ಮಾಡಿಸಬೇಕು. ಮಾಡಿಸದಿದ್ದರೆ ಪಿ 0315 ಕೋಡ್ ಬರುತ್ತದೆ. ಎಲ್ಲ ಕಾರಿಗೂ ಇದು ಬೇಕಾಗಿಲ್ಲ. ಕೊನೆಗೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ನಿಲ್ಲಿಸಿ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಕು. ಅದೇ ಕೋಡ್ ಮರಳಿದರೆ ಇನ್ನೊಂದು ಸೆನ್ಸರ್ ಕೊಳ್ಳುವ ಮೊದಲು ಕಪ್ಲರಿನಿಂದ ಕಂಪ್ಯೂಟರಿನವರೆಗಿನ ವೈರನ್ನು ಪರೀಕ್ಷಿಸಬೇಕು.

ಹಳೆಯ ಎಂಜಿನ್‌ಗೆ ಹೊಸದಾಗಿ ಅಳವಡಿಸುವುದು

ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರಿಗೆ ಕಂಪ್ಯೂಟರ್ ನಿಯಂತ್ರಣದ ಇಂಧನ ಮತ್ತು ಇಗ್ನಿಷನ್ ಹಾಕುವವರು ಸೆನ್ಸರನ್ನೂ ಹಲ್ಲಿನ ಚಕ್ರವನ್ನೂ ತಾವೇ ಕೂರಿಸಬೇಕಾಗುತ್ತದೆ. ಸಾಮಾನ್ಯವಾಗಿ ಕ್ರ್ಯಾಂಕ್ ಪುಲ್ಲಿಗೆ 36ರಲ್ಲಿ ಒಂದು ಹಲ್ಲು ಬಿಟ್ಟ ಉಕ್ಕಿನ ಚಕ್ರವನ್ನು ಬಿಗಿಯುತ್ತಾರೆ. ಚಕ್ರ ಶಾಫ್ಟಿನ ಕೇಂದ್ರಕ್ಕೆ ಸರಿಯಾಗಿ ಕೂರದೆ ಓಲಾಡಿದರೆ ಅಂತರ ಸುತ್ತಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ. ಡಯಲ್ ಗೇಜ್ ಇಟ್ಟು ಓಲಾಟ ಅಳೆಯಬೇಕು. ಸೆನ್ಸರಿನ ಬ್ರಾಕೆಟ್ಟನ್ನು ಎಂಜಿನ್ ಬ್ಲಾಕಿಗೇ ಬಿಗಿಯಬೇಕು, ಕಾರಿನ ಬಾಡಿಗೆ ಅಲ್ಲ, ಏಕೆಂದರೆ ಎಂಜಿನ್ ತನ್ನ ರಬ್ಬರ್ ಮೌಂಟಿಂಗುಗಳ ಮೇಲೆ ಅಲುಗುತ್ತಿರುತ್ತದೆ. ತೆಳುವಾದ ತಗಡಿನ ಬ್ರಾಕೆಟ್ ಹೆಚ್ಚು ವೇಗದಲ್ಲಿ ಅದುರಿದರೆ ಸೆನ್ಸರ್ ಇಲ್ಲದ ಹಲ್ಲುಗಳನ್ನು ಎಣಿಸುತ್ತದೆ.

ಹಲ್ಲಿಲ್ಲದ ಜಾಗ ಸೆನ್ಸರಿನ ಮುಂದೆ ಯಾವಾಗ ಹಾಯಬೇಕು ಎಂಬುದೂ ಯೋಚಿಸಿ ತೀರ್ಮಾನಿಸುವ ವಿಷಯ. ಪಿಸ್ಟನ್ ಒತ್ತಡದಲ್ಲಿ ಟಿಡಿಸಿ ಸಮೀಪಿಸುವಾಗ ಕ್ರ್ಯಾಂಕ್‌ಶಾಫ್ಟ್ ತಡವರಿಸುತ್ತದೆ, ಮುಖ್ಯವಾಗಿ ಸ್ಟಾರ್ಟ್ ಆಗುವಾಗ. ಗುರುತಿನ ಜಾಗ ಅಲ್ಲೇ ಬಂದರೆ ಕಂಪ್ಯೂಟರಿಗೆ ಗೊಂದಲ. ಫೋರ್ಡಿನ ಈಡಿಸ್ ಎಂಬ ಇಗ್ನಿಷನ್ ವ್ಯವಸ್ಥೆಯಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್‌ಗೆ ಇದನ್ನು ಮೊದಲ ಸಿಲಿಂಡರಿನ ಟಿಡಿಸಿಗಿಂತ 90 ಡಿಗ್ರಿ ಮುಂಚೆ ಇಟ್ಟಿದ್ದರು. ಇಂಡಕ್ಟಿವ್ ಸೆನ್ಸರಿನ ಎರಡು ವೈರುಗಳನ್ನು ಒಂದಕ್ಕೊಂದು ಹೊಸೆದು, ಹೊದಿಕೆಯನ್ನು ಕಂಪ್ಯೂಟರಿನ ತುದಿಯಲ್ಲಿ ಮಾತ್ರ ಅರ್ಥ್ ಮಾಡಬೇಕು. ಆ ಎರಡು ವೈರು ಅದಲುಬದಲಾದರೆ ಸೊನ್ನೆ ದಾಟುವ ದಿಕ್ಕು ತಿರುಗಿ, ಟೈಮಿಂಗ್ ತಪ್ಪುತ್ತದೆ ಅಥವಾ ವೇಗ ಏರಿದಂತೆ ಜಾರುತ್ತದೆ.

ಟಿಡಿಸಿಯನ್ನು ಪುಲ್ಲಿಯ ಹಳೆಯ ಗುರುತು ನಂಬಿ ಹಿಡಿಯದೆ ಡಯಲ್ ಗೇಜಿನಿಂದ ಕಂಡುಕೊಂಡು, ಅದಕ್ಕೂ ಹಲ್ಲಿಲ್ಲದ ಜಾಗಕ್ಕೂ ಇರುವ ಕೋನವನ್ನು ಕಂಪ್ಯೂಟರಿಗೆ ಕೊಡಬೇಕು. ಎಂಜಿನ್ ಹತ್ತಿದ ಮೇಲೆ ಸ್ಪಾರ್ಕನ್ನು, ಉದಾಹರಣೆಗೆ, 10 ಡಿಗ್ರಿಗೆ ಕಟ್ಟಿಹಾಕಿ ಟೈಮಿಂಗ್ ಲೈಟ್ ಹಿಡಿದರೆ ಪುಲ್ಲಿಯ ಮೇಲೂ ಅಷ್ಟೇ ಡಿಗ್ರಿ ಕಾಣಬೇಕು. ವೇಗ ಏರಿಸಿದರೂ ಆ ಗುರುತು ಕದಲಬಾರದು. ಕಂಪ್ಯೂಟರ್ ತೋರಿಸುವ ಕೋನಕ್ಕೂ ಪುಲ್ಲಿಯಲ್ಲಿ ಕಾಣುವ ಕೋನಕ್ಕೂ ವ್ಯತ್ಯಾಸ ಉಳಿದಿದ್ದರೆ ಕಿಡಿ ಹೇಳಿದ್ದಕ್ಕಿಂತ ಬೇಗ ಹಾರುತ್ತಿರಬಹುದು, ಹೊರೆ ಬಿದ್ದಾಗ ಎಂಜಿನ್ ನಾಕ್ ಹೊಡೆದು ಪಿಸ್ಟನ್ನಿಗೇ ಪೆಟ್ಟಾಗಬಹುದು. ಎರಡೂ ತಾಳೆಯಾದದ್ದನ್ನು ಕಣ್ಣಾರೆ ನೋಡುವವರೆಗೆ ಅಂಥ ಕಾರನ್ನು ರಸ್ತೆಗೆ ಇಳಿಸಬಾರದು.